ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಮತ್ತೊಮ್ಮೆ

ಗದಗ-ಬೆಟಗೇರಿ ಅವಳಿ ಊರಿನಲ್ಲಿ ಅತಿ ಹೆಚ್ಚು ದುಡಿಯುವವರು ಯಾರು? ಮಾರುಕಟ್ಟೆಯಲ್ಲಿ ಬೆಳಗಿನಿಂದ ಚೀಲ ಹೊರುವ ಹಮಾಲರು ಎನ್ನುತ್ತೀರಾ? ತಪ್ಪು. ಹಗಲಿಡೀ ಮಗ್ಗದ ಮುಂದಿರುವ ಬೆಟಗೇರಿಯ ನೇಕಾರರು? ಅವರೂ ಅಲ್ಲ. ಅವರಿಗೆಲ್ಲ ವಾರಕ್ಕೊಂದು ರಜೆಯಾದರೂ ಇದೆ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಸೂಟಿ! ವಾರದ ಸೂಟಿಯಿಲ್ಲ, ಹಬ್ಬದ ಸೂಟಿಯಿಲ್ಲ, ನಿವೃತ್ತಿಯ ಮಾತಂತೂ ಎತ್ತುವಂತೆಯೇ ಇಲ್ಲ. ಹೀಗೆ ದುಡಿಯುತ್ತಿರುವವನು ನಾನು ಕಂಡಂತೆ ಒಬ್ಬನೇ. ಅವನು ಬೆಟಗೇರಿಯ ನಮ್ಮ ಸೋದರತ್ತೆಯ ಮನೆಯ ದೇವರು!

ಅತ್ತೆಯ ಹೆಸರು ಹೇಳುವುದಿಲ್ಲ. ನಿಮ್ಮ ಬಗ್ಗೆ ಬರೆಯಲೇ ಎಂದು ಕೇಳಿದಾಗ ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಎದ್ದು ದೇವರ ಜಗುಲಿಯ ಕಡೆ ಹೋದರು. ಮೊದಲ ಸಲ ದೇವರು ಬೇಡವೆಂದ. ಎರಡನೆಯ ಸಲವೂ ಬೇಡವೆಂದ. ನನ್ನ ಸಾಹಿತ್ಯ ಸೇವೆ ಅಲ್ಲಿಗೆ ಮುಗಿಯಿತೆಂದುಕೊಂಡೆ. ಮೂರನೆಯ ಸಲ ಒಪ್ಪಿಕೊಂಡ, ಆದರೆ ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ. ಈ ಷರತ್ತು ದೇವರದೋ ಅತ್ತೆಯದೋ ನನಗೆ ಈವರೆಗೂ ಗೊತ್ತಾಗಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ದೇವರಿಗೆ 'ಪ್ರಸಾದ ಕೇಳುವ' ಪದ್ಧತಿಯಿದೆ. ಮೂರ್ತಿಯ ಎರಡೂ ಭುಜಗಳ ಮೇಲೆ ಒಂದೊಂದು ಒದ್ದೆ ಹೂವಿಟ್ಟು, ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು, ಕೈಮುಗಿದು ಕೂರಬೇಕು. ಬಲಗಡೆಯ ಹೂವು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಜನ ಇದನ್ನು ಮಗಳ ಮದುವೆಗೆ, ಹೊಲದಲ್ಲಿ ಬೋರು ಕೊರೆಸುವುದಕ್ಕೆ, ಹೊಸ ಮನೆಯ ಪಾಯ ಹಾಕುವುದಕ್ಕೆ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕೇಳುತ್ತಾರೆ. ನಮ್ಮ ಅತ್ತೆ ದಿನಕ್ಕೆ ಐದಾರು ಸಲ ಕೇಳುತ್ತಾರೆ!

ಅದೂ ಯಾವ ದೇವರನ್ನು? ಮನೆದೇವರು ಸಿಂಗಟಾಲೂರಿನ ವೀರಭದ್ರ. ಜಗುಲಿಯ ಮೇಲೆ ಗೇಣುದ್ದದ ಹಿತ್ತಾಳೆ ಮೂರ್ತಿ. ಹುರಿ ಮೀಸೆ, ಕೆಂಡದಂಥ ಕಣ್ಣು, ಕೈಯಲ್ಲಿ ಹಿರಿದ ಕತ್ತಿ. ದಕ್ಷನ ಯಜ್ಞವನ್ನು ಹಾಳುಗೆಡವಿದ ಉಗ್ರಮೂರ್ತಿಯ ಮುಂದೆ ಅತ್ತೆ ಮುಂಜಾನೆ ಏಳು ಗಂಟೆಗೆ ಕೂತು ಕೇಳುವ ಮೊದಲ ಪ್ರಶ್ನೆ, ಇವತ್ತು ಬದನೆಕಾಯಿ ಪಲ್ಯ ಮಾಡಲೋ ಬೇಡವೋ ಎಂಬುದು. ವೀರಭದ್ರ ಆ ಕತ್ತಿಯನ್ನು ಇನ್ನೂ ಬೀಸದೆ ಹಿಡಿದುಕೊಂಡೇ ಇದ್ದಾನಲ್ಲ, ಅವನ ತಾಳ್ಮೆಗೆ ಕೈಮುಗಿಯಬೇಕು!

ಎಡಗಡೆಯ ಹೂವು ಬಿದ್ದರೆ ಅತ್ತೆ ಸುಮ್ಮನಾಗುತ್ತಾರೆಂದು ತಿಳಿಯಬೇಡಿ. ಎಡಕ್ಕೆ ಬಿದ್ದರೆ ಮತ್ತೊಮ್ಮೆ ಕೇಳಬೇಕು ಎಂಬುದು ಅವರು ತಾವೇ ಸೇರಿಸಿಕೊಂಡ ಕಲಮು. ಹೂವು ಬಹಳ ಒದ್ದೆಯಾಗಿತ್ತು, ಪಕ್ಕದ ಮನೆಯ ಮಗ್ಗ ಜೋರಾಗಿ ಬಡಿಯುತ್ತಿತ್ತು, ಯಾರೋ ಸೀನಿದರು, ದೇವರಿಗೆ ಸರಿಯಾಗಿ ಕೇಳಿಸಲಿಲ್ಲ, ಕಾರಣಗಳಿಗೆ ಕೊರತೆಯಿಲ್ಲ. ಮೂರು ಸಲದವರೆಗೆ ಮೇಲ್ಮನವಿ. ಮೂರೂ ಸಲ ಎಡಕ್ಕೇ ಬಿದ್ದರೆ ಮಾತ್ರ ಮುಗಿಯಿತು. ಆಮೇಲೆ ಊರೇ ಬಂದು ಹೇಳಿದರೂ ಅತ್ತೆ ಕದಲುವವರಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ನಿಯಮದ ಬಿಸಿ ನನಗೇ ತಟ್ಟಿದೆ. ಗದಗಿನಲ್ಲಿ ಕಾಲೇಜು ಕಲಿಯುವಾಗ ನಾನು ಅತ್ತೆಯ ಮನೆಯಲ್ಲೇ ಇದ್ದೆ. ಒಮ್ಮೆ ದವಡೆಹಲ್ಲು ನೋಯತೊಡಗಿತು. ಕೀಳಿಸಿಬಿಡುತ್ತೇನೆ ಎಂದೆ. ತಡಿ ಎಂದು ಅತ್ತೆ ಜಗುಲಿಗೆ ಹೋದರು. ಬದನೆಕಾಯಿಗೆಲ್ಲ ಎರಡನೆಯ ಸಲಕ್ಕೇ ಒಲಿಯುವ ದೇವರು ನನ್ನ ಹಲ್ಲಿನ ವಿಷಯದಲ್ಲಿ ಮೂರಕ್ಕೆ ಮೂರೂ ಸಲ ಎಡಕ್ಕೆ ಕೊಟ್ಟ! ಹನ್ನೊಂದು ದಿನ ಕೆನ್ನೆ ಬನ್ನಿನಂತೆ ಊದಿಸಿಕೊಂಡು, ಬಾಯಲ್ಲಿ ಲವಂಗ ಒತ್ತಿಕೊಂಡು, ಬರೀ ಗಂಜಿ ಕುಡಿದು ಬದುಕಿದೆ. ಹನ್ನೆರಡನೆಯ ದಿನ ಬಲಕ್ಕೆ ಬಿತ್ತು. ಅತ್ತೆಯೇ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ನನ್ನ ಬಾಯೊಳಗೆ ಬಗ್ಗಿ ನೋಡಿ, ಹತ್ತು ದಿನ ಮೊದಲೇ ಬರಬೇಕಿತ್ತು ಎಂದು ಬೈದರು. ನಾನು ಗೆದ್ದವನಂತೆ ಅತ್ತೆಯ ಮುಖ ನೋಡಿದೆ. ಅತ್ತೆ ಆಗಲೇ ಹೊರಗೆ ಕಾಂಪೌಂಡರನ್ನು ವಿಚಾರಿಸಿಕೊಂಡು ಬಂದಿದ್ದರು.

"ಹತ್ತು ದಿನ ಈ ಡಾಕ್ಟರ ಊರಾಗ ಇದ್ದಿಲ್ಲಂತ. ನಿನ್ನೆ ಬಂದಾರ" ಎಂದರು. "ಅವಂಗ ಎಲ್ಲಾ ಗೊತ್ತಿರತೈತಿ."

ಇನ್ನು ಮಾವನ ಪರಿಚಯ. ಅತ್ತೆಯ ಗಂಡ, ಕುರ್ತಕೋಟಿಯ ಶಾಲೆಯಲ್ಲಿ ಇಡೀ ಜೀವಮಾನ ಗಣಿತ ಕಲಿಸಿ ನಿವೃತ್ತರಾದ ಮಾಸ್ತರು. ದೇವರು ಇದ್ದಾನೋ ಇಲ್ಲವೋ ಎಂದು ಕೇಳಿದರೆ, ಪ್ರಮೇಯಕ್ಕೆ ಕೊಡುವಂತೆ ಸಾಧನೆ ಕೊಡು, ಆಮೇಲೆ ನೋಡೋಣ ಎನ್ನುವವರು. ವೀರಭದ್ರನಿಗೆ ನಮಸ್ಕಾರವನ್ನೇನೋ ಮಾಡುತ್ತಿದ್ದರು, ಬಾಗಿಲಲ್ಲಿ ಸಿಕ್ಕ ಪಕ್ಕದ ಮನೆಯವರಿಗೆ ಮಾಡುವಷ್ಟೇ. ಎರಡು ಹೂವು, ಎರಡು ಭುಜ, ಯಾವುದು ಮೊದಲು ಬೀಳುವುದೂ ಅರ್ಧಕ್ಕರ್ಧ, ಇದರಲ್ಲಿ ದೇವರ ಪಾತ್ರ ಸೊನ್ನೆ ಎಂದು ಅವರು ನಲವತ್ತು ವರ್ಷಗಳಿಂದ ಅತ್ತೆಗೆ ವಿವರಿಸುತ್ತಿದ್ದಾರೆ. ಅತ್ತೆ ಅಷ್ಟೂ ವರ್ಷಗಳಿಂದ ಹೌದ್ರಿ ಎಂದು ಕೇಳಿಸಿಕೊಂಡು, ಹೂವನ್ನು ನೀರಿಗೆ ಅದ್ದುತ್ತಿದ್ದಾರೆ.

ಒಮ್ಮೆ ಮಾತ್ರ ಮಾವ ಅತ್ತೆಯನ್ನು ನಿಜವಾಗಿ ಸಿಕ್ಕಿಸಿಬಿಟ್ಟರು. ಊಟಕ್ಕೆ ಕೂತವರು, ಏನೂ ಅರಿಯದವರಂತೆ ಒಂದು ಪ್ರಶ್ನೆ ಕೇಳಿದರು. ಬಲಕ್ಕೆ ಬಿದ್ದರೆ ಹೌದು ಎನ್ನುತ್ತೀಯಲ್ಲ, ಅದು ಯಾರ ಬಲ? ನೀನು ದೇವರ ಎದುರಿಗೆ ಕೂರುತ್ತೀ. ನಿನ್ನ ಬಲಗಡೆ ಇರುವುದು ದೇವರ ಎಡಭುಜ. ದೇವರು ತನ್ನ ಎಡದಿಂದ ಬೇಡವೆಂದಾಗಲೆಲ್ಲ ನೀನು ನಿನ್ನ ಬಲ ನೋಡಿ ಹೌದೆಂದುಕೊಂಡಿದ್ದರೆ?

ಅತ್ತೆಯ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು! ಬಲಕ್ಕೆ ಎಂದು ಹೇಳಿಕೊಟ್ಟಿದ್ದು ಅವರ ಅತ್ತೆ, ಅಂದರೆ ಮಾವನ ತಾಯಿ. ಯಾರ ಬಲ ಎಂದು ಆಕೆಯೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಒಂದು ಪ್ರಶ್ನೆಗೆ ಇಡೀ ಸಂಸಾರವೇ ಬುಡಮೇಲಾಗುವ ಹೊತ್ತು. ಎರಡು ದಿನ ಮನೆಯಲ್ಲಿ ಏನನ್ನೂ ಕೇಳಲಿಲ್ಲ, ಹಾಗಾಗಿ ಪಲ್ಯವೂ ಆಗಲಿಲ್ಲ; ನಾನು, ಮಾವ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು. ಮೂರನೆಯ ದಿನ ಅತ್ತೆ ನಗುನಗುತ್ತ ಜಗುಲಿಯಿಂದ ಎದ್ದು ಬಂದರು. ಸಂಶಯ ಬಗೆಹರಿಯಿತು, ನನ್ನ ಬಲವೇ ಬಲ ಎಂದರು. ಹೇಗೆ ಗೊತ್ತಾಯಿತು ಎಂದು ಮಾವ ಕೇಳಿದರು.

"ಅವನ್ನೇ ಕೇಳಿದೆ. ನನ್ನ ಬಲ ಹೌದಾಗಿದ್ರ ಬಲಕ್ಕ ಕೊಡಪಾ ಅಂದೆ. ಬಲಕ್ಕ ಕೊಟ್ಟ."

ಮಾವ ತೋರುಬೆರಳು ಎತ್ತಿದರು. ಬಾಯಿ ತೆರೆದರು. ಈ ತರ್ಕದಲ್ಲಿರುವ ತೂತನ್ನು ಎಲ್ಲಿಂದ ತೋರಿಸಲು ಶುರುಮಾಡಬೇಕೆಂದು ತಿಳಿಯದೆ ಒದ್ದಾಡುವುದು ಮುಖದ ಮೇಲೆಯೇ ಕಾಣುತ್ತಿತ್ತು. ಅಷ್ಟರಲ್ಲಿ ಅತ್ತೆ ಎಣ್ಣೆಗಾಯಿ ತಂದು ತಾಟಿಗೆ ಬಡಿಸಿದರು. ಮಾವ ಬೆರಳನ್ನು ಇಳಿಸಿ ರೊಟ್ಟಿ ಮುರಿದರು.

ಅವರ ಒಬ್ಬಳೇ ಮಗಳನ್ನು ಮುಂಡರಗಿಯಿಂದ ಗಂಡು ನೋಡಲು ಬಂದ ದಿನದ್ದು ಇನ್ನೊಂದು ಕಥೆ. ಹುಡುಗಿ ಒಪ್ಪಿದಳು, ಹುಡುಗ ಒಪ್ಪಿದ, ಹಿರಿಯರು ಒಪ್ಪಿದರು. ವೀರಭದ್ರನೊಬ್ಬ ಒಪ್ಪುವುದು ಬಾಕಿ. ಅತ್ತೆ ಹೂವಿಟ್ಟು ಕೂತರು. ಅವತ್ತು ಕರೆಂಟು ಇರಲಿಲ್ಲ. ಕರೆಂಟು ಇಲ್ಲವೆಂದರೆ ಪಕ್ಕದ ಮನೆಯ ಪವರ್‌ಲೂಮು ಇಲ್ಲ, ಮಗ್ಗ ಬಡಿಯದಿದ್ದರೆ ನಮ್ಮ ಗೋಡೆ ಅದುರುವುದಿಲ್ಲ, ಗೋಡೆ ಅದುರದಿದ್ದರೆ ಹೂವು ಜಪ್ಪಯ್ಯ ಎಂದರೂ ಬೀಳುವುದಿಲ್ಲ! ಇದು ಮಾವನ ಸಿದ್ಧಾಂತ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು, ಎರಡಾಯಿತು. ಹೊರಗೆ ಗಂಡಿನ ಕಡೆಯವರು ಎರಡನೆಯ ಸಲದ ಚಹಾ ಕುಡಿದು ಗಡಿಯಾರ ನೋಡತೊಡಗಿದರು. ಕೊನೆಗೆ ಹುಡುಗನೇ ಎದ್ದ. ಆಳು ಕಟ್ಟುಮಸ್ತು, ತೂಕದಲ್ಲಿ ನನ್ನಂಥವರಿಬ್ಬರು. ದೇವರಿಗೆ ನಮಸ್ಕಾರ ಮಾಡಿ ಬರುತ್ತೇನೆಂದು ಒಳಗೆ ಹೋದವನೇ ಧಡ್ ಎಂದು ಸಾಷ್ಟಾಂಗ ಬಿದ್ದ. ನೆಲ ನಡುಗಿತು, ಜಗುಲಿ ನಡುಗಿತು, ದೀಪ ಓಲಾಡಿತು, ಬಲಗಡೆಯ ಹೂವು ಪಟಕ್ಕನೆ ಬಿತ್ತು. ಅದು ಅಳಿಯನ ತೂಕದಿಂದ ಬಿದ್ದದ್ದು ಎಂದು ಮಾವ ನನ್ನ ಕಿವಿಯಲ್ಲಿ ಹೇಳಿದರು. ಅತ್ತೆ ಮಾತ್ರ, ಭಕ್ತಿ ಅಂದರೆ ಹೀಗಿರಬೇಕೆಂದು ಇಂದಿಗೂ ಮುಂಡರಗಿಯ ಬೀಗರ ಮುಂದೆ ಹೊಗಳುತ್ತಾರೆ.

ಆಮೇಲೆ ನನಗೆ ಲಕ್ಷ್ಮೇಶ್ವರದಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು, ಅಲ್ಲಿಯೇ ಮನೆ ಮಾಡಿದೆ. ಅತ್ತೆ ನೋಡಲು ಬರುವುದಾಗಿ ಹೇಳಿದರು. ಬರುವಾಗ ವೀರಭದ್ರನನ್ನು ಬಿಟ್ಟು ಬರುತ್ತಾರೆಯೇ? ಅರಿಶಿಣದ ಬಟ್ಟೆಯಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿಟ್ಟು ಗದಗ ಬಸ್‌ಸ್ಟ್ಯಾಂಡಿಗೆ ತಂದರು. ಶಿರಹಟ್ಟಿಗೆ ಹೋಗುವವರು, ಮುಂಡರಗಿಗೆ ಹೋಗುವವರು ನೋಡುತ್ತ ನಿಂತಿರುವಂತೆಯೇ ಬೆಂಚಿನ ಮೇಲೆ ದೇವರನ್ನು ಇಟ್ಟು, ಬಾಟಲಿಯ ನೀರಿನಲ್ಲಿ ಹೂವು ಅದ್ದಿ, ಈ ಬಸ್ಸಿಗೆ ಹತ್ತಲೋ ಬೇಡವೋ ಎಂದು ಕೇಳಿದರು. ಸುತ್ತ ಜನ ಸೇರಿದರು. ಒಬ್ಬ ಚಪ್ಪಲಿ ಬಿಟ್ಟು ಕೈಮುಗಿದ. ಇನ್ನೊಬ್ಬಾಕೆ, ನಮ್ಮದೂ ಒಂದು ಕೇಳ್ರಿ ಎಂದು ಸರದಿ ಹಿಡಿದಳು. ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡೇ ನಿಂತು ನೋಡಿದ. ಹೂವು ಮೂರು ಸಲ ಎಡಕ್ಕೆ ಬಿತ್ತು, ಬಸ್ಸು ಹೋಯಿತು.

ಆ ಬಸ್ಸಿಗೆ ಏನಾಯಿತು ಗೊತ್ತೆ? ಏನೂ ಆಗಲಿಲ್ಲ! ಸಮಯಕ್ಕೆ ಸರಿಯಾಗಿ ಲಕ್ಷ್ಮೇಶ್ವರಕ್ಕೆ ಬಂದು, ಬಿಸಿಲಲ್ಲಿ ಕಾಯುತ್ತಿದ್ದ ನನ್ನ ಮುಂದೆ ಖಾಲಿ ಸೀಟುಗಳನ್ನು ತೋರಿಸಿಕೊಂಡು ನಿಂತಿತು. ಅತ್ತೆ ಒಂದೂವರೆ ತಾಸಿನ ನಂತರ ಮುಂದಿನ ಬಸ್ಸಿನಲ್ಲಿ, ಉದ್ದಕ್ಕೂ ನಿಂತುಕೊಂಡೇ ಬಂದರು. ದೇವರು ಆ ಬಸ್ಸನ್ನು ಏಕೆ ಬೇಡವೆಂದನಂತೆ ಎಂದು ನಾನು ಹಲ್ಲು ಕಚ್ಚಿ ಕೇಳಿದೆ. ಏಕೆ ಎಂದು ಕೇಳುವುದು ನಮ್ಮ ಕೆಲಸವಲ್ಲ ಎಂದು ಅತ್ತೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದರು.

ನಕ್ಕಿದ್ದು ಸಾಕು, ಈಗ ನನ್ನ ಹೊಟ್ಟೆಯುರಿಯ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಆದರೂ ನಮ್ಮ ಅತ್ತೆಯಷ್ಟು ನೆಮ್ಮದಿಯಾಗಿರುವ ಜೀವವನ್ನು ನಾನು ನೋಡಿಲ್ಲ. ಹೂವು ಬಿದ್ದ ಮೇಲೆ ಆ ವಿಷಯ ಮುಗಿಯಿತು. ಹಾಗೆ ಮಾಡಿದ್ದರೆ ಹೇಗಿತ್ತು, ಹೀಗೆ ಮಾಡಬಾರದಿತ್ತು ಎಂಬ ಕೊರಗು ಅವರ ಹತ್ತಿರ ಸುಳಿಯುವುದಿಲ್ಲ. ನಾನೋ? ಒಂದು ಮಿಕ್ಸರ್ ಕೊಳ್ಳಲು ಹನ್ನೆರಡು ದಿನ ಯೋಚಿಸಿ, ಕೊಂಡ ಮೇಲೆ ಆರು ತಿಂಗಳು ಹಳಹಳಿಸುವ ಮನುಷ್ಯ. ಜೇಬಿನಲ್ಲಿ ಸದಾ ಆಸಿಡಿಟಿಯ ಗುಳಿಗೆ. ಮನಶ್ಶಾಂತಿಗೆಂದು ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡೆ. ಅದು ಉಸಿರು ತೆಗೆದುಕೊಳ್ಳಿ ಎಂದಾಗ ತೆಗೆದುಕೊಂಡು, ಬಿಡಿ ಎಂದಾಗ ಬಿಡಬೇಕು. ಒಂದು ದಿನ ನಾನು ಚಾಪೆಯ ಮೇಲೆ ಕಣ್ಣುಮುಚ್ಚಿ ಕೂತು ಹೀಗೆ ಮಾಡುವುದನ್ನು ಅತ್ತೆ ಬಹಳ ಹೊತ್ತು ನೋಡಿದರು.

"ಉಸಿರಾಡಾಕೂ ಆ ಪೆಟಿಗಿನ ಕೇಳ್ಬೇಕೇನೋ ತಮ್ಮಾ?"

ಬದನೆಕಾಯಿಗೆ ವೀರಭದ್ರನನ್ನು ಕೇಳುವವರು ನೀವು ಎಂದು ನಾನು ತಿರುಗಿ ಹೇಳಿದೆ. ಅತ್ತೆ ಯೋಚಿಸಿದರು. ಕೇಳುವುದೇನೋ ನಿಜ, ಆದರೆ ನಾನು ಕೇಳುವವನು ನನ್ನ ಗುರುತಿನವನು, ನಿನ್ನ ಪೆಟ್ಟಿಗೆಗೆ ನೀನು ಯಾರೆಂದು ಗೊತ್ತೇ ಎಂದರು. ಆದರೂ ನಾನು ಸೋಲೊಪ್ಪಲಿಲ್ಲ. ಇದು ಭಕ್ತಿಯಲ್ಲ, ಬರೀ ಅಂಜಿಕೆ. ತಾನಾಗಿ ಒಂದು ತೀರ್ಮಾನ ಮಾಡುವ ಧೈರ್ಯವಿಲ್ಲದವರು ಹೂವಿನ ಹಿಂದೆ ಅಡಗುತ್ತಾರೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡೆ. ಆ ತೀರ್ಪು ಹೋದ ಶ್ರಾವಣದವರೆಗೆ ನಡೆಯಿತು.

ಹೋದ ಶ್ರಾವಣದಲ್ಲಿ ಮಾವನಿಗೆ ಎದೆನೋವು ಬಂತು. ಗದಗಿನಲ್ಲಿ ತೋರಿಸಿದಾಗ ಹುಬ್ಬಳ್ಳಿಗೆ ಹೋಗಿ ಎಂದರು. ಹುಬ್ಬಳ್ಳಿಯಲ್ಲಿ ಮೂರು ರಕ್ತನಾಳ ಕಟ್ಟಿವೆ, ಎದೆ ತೆರೆದು ಆಪರೇಷನ್ ಮಾಡಬೇಕು, ತಡ ಮಾಡುವಂತಿಲ್ಲ ಎಂದು ದಿನವನ್ನೂ ಗೊತ್ತು ಮಾಡಿದರು. ಮಗಳು, ಅಳಿಯ ಮಾವನ ಜೊತೆ ದವಾಖಾನೆಯಲ್ಲಿ ಉಳಿದರು. ಆಪರೇಷನ್ನಿನ ದಿನ ಮುಂಜಾನೆ ಬೆಟಗೇರಿಯ ಮನೆಯಿಂದ ಅತ್ತೆಯನ್ನು ಕಾರಿನಲ್ಲಿ ಕರೆತರುವ ಕೆಲಸ ನನಗೆ ಬಂತು.

ನಮಗೆಲ್ಲ ಆಪರೇಷನ್ನಿಗಿಂತ ದೊಡ್ಡ ಭಯ ಹುಟ್ಟಿದ್ದು ಇಲ್ಲಿಯೇ. ಅತ್ತೆ ಹೊರಡುವ ಮೊದಲು ಕೇಳದೆ ಇರುತ್ತಾರೆಯೇ? ಮೂರು ಸಲ ಎಡಕ್ಕೆ ಬಿದ್ದರೆ? ಒಂದು ಹಲ್ಲಿಗೆ ಹನ್ನೊಂದು ದಿನ ತಡೆದವರು! ಹಲ್ಲು ಕಾಯಿತು, ಎದೆ ಕಾಯುತ್ತದೆಯೇ? ಫೋನಿನಲ್ಲಿ ಮಗಳು ಅತ್ತಳು. ಅಳಿಯ ಫೋನು ಇಸಿದುಕೊಂಡು, ಬೇಕಿದ್ದರೆ ನಾನು ಬಂದು ಮತ್ತೆ ಸಾಷ್ಟಾಂಗ ಬೀಳುತ್ತೇನೆ ಎಂದ. ಪಾಪ, ತಮಾಷೆಗೆ ಹೇಳಿದ್ದಲ್ಲ.

ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ, ಅಡುಗೆಮನೆಯಿಂದ ಒಂದು ಚೂರು ಬೆಲ್ಲ ತಂದು, ನೀರು ಮುಟ್ಟಿಸಿ ಮೆದು ಮಾಡಿ, ದೇವರ ಭುಜಕ್ಕೆ ಹಚ್ಚಿದೆ. ಎಡಗಡೆಯ ಹೂವು ಅಂಟಿಕೊಂಡು ಕೂತರೆ ಬಲಗಡೆಯದು ತಾನೇ ಮೊದಲು ಬೀಳಬೇಕು? ಹಚ್ಚುವ ಮುಂಚೆ, ಯಾರ ಎಡ ಎಂಬ ಹಳೆಯ ತಕರಾರು ನೆನಪಾಯಿತು. ಅತ್ತೆಯ ಬಲವೇ ಬಲ ಎಂದು ತೀರ್ಮಾನವಾಗಿತ್ತಲ್ಲ. ಅತ್ತೆ ಕೂರುವ ಮಣೆಯ ಮೇಲೆ ನಾನೇ ಕೂತು, ಎಡಗೈ ಎತ್ತಿ, ಖಾತ್ರಿ ಮಾಡಿಕೊಂಡು ಹಚ್ಚಿದೆ. ವೀರಭದ್ರ ಕತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದ. ಜೀವನದಲ್ಲಿ ದೇವರನ್ನು ನಂಬದವನು, ಅವತ್ತು ಅವನ ಕ್ಷಮೆ ಕೇಳಿದೆ!

ಅತ್ತೆ ಮಡಿಯುಟ್ಟು ಬಂದರು. ದೀಪ ಹಚ್ಚಿದರು. ಬುಟ್ಟಿಯ ತುಂಬ ಕಣಗಿಲೆ ಹೂವು. ನಾನು ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿದೆ. ಅತ್ತೆ ಹೂವನ್ನು ನೀರಿಗೆ ಅದ್ದಲಿಲ್ಲ. ಭುಜದ ಕಡೆ ಕೈ ಒಯ್ಯಲಿಲ್ಲ. ಬುಟ್ಟಿಯಲ್ಲಿದ್ದ ಅಷ್ಟೂ ಹೂವನ್ನು ಎರಡೂ ಕೈಯಲ್ಲಿ ತೆಗೆದು ದೇವರ ಪಾದದ ಮೇಲೆ ಸುರಿದು, ಹಣೆಯನ್ನು ಜಗುಲಿಗೆ ಹಚ್ಚಿ ಸ್ವಲ್ಪ ಹೊತ್ತು ಇದ್ದರು. ಆಮೇಲೆ ಎದ್ದು, ನಡಿ ಹೋಗೋಣ ಎಂದರು. ಸ್ಟೀಲಿನ ಡಬ್ಬಿಯನ್ನೂ ತೆಗೆದುಕೊಳ್ಳಲಿಲ್ಲ.

ದವಾಖಾನೆಯಲ್ಲಿ ಮಾವನಿಗೆ ಹಸಿರು ಅಂಗಿ ತೊಡಿಸಿ, ಗಾಲಿಮಂಚದ ಮೇಲೆ ಮಲಗಿಸಿದ್ದರು. ಕನ್ನಡಕ ತೆಗೆದಿದ್ದರಿಂದ ಮುಖ ಬೇರೆಯೇ ಕಾಣುತ್ತಿತ್ತು, ಬಹಳ ಚಿಕ್ಕದಾಗಿ. ಅತ್ತೆಯನ್ನು ನೋಡಿದವರೇ ಅವರ ಕೈ ಹಿಡಿದರು. ಸಾಧನೆ ಕೊಡು ಎನ್ನುತ್ತಿದ್ದ ನಮ್ಮ ಗಣಿತದ ಮಾಸ್ತರು ಕೇಳಿದ ಮೊದಲ ಮಾತು ಇದು.

"ಕೇಳಿದೇನ?"

"ಹೂಂ" ಎಂದರು ಅತ್ತೆ.

"ಏನಂದ?"

"ಬಲಕ್ಕ ಕೊಟ್ಟ."

ಮಾವನ ತುಟಿಯ ಮೇಲೆ ಸಣ್ಣಗೆ ನಗೆ ಬಂತು. "ಯಾರ ಬಲಕ್ಕ?"

"ಇಬ್ಬರ ಬಲಕ್ಕೂ."

ಯಾವ ಗಣಿತದಲ್ಲೂ ಇದು ಸಾಧ್ಯವಿಲ್ಲ. ಮಾವನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ತಕರಾರು ಮಾಡಲಿಲ್ಲ. ಹಂಗಾದ್ರ ಆತು ಎಂದು ಕಣ್ಣುಮುಚ್ಚಿದರು. ಅವರ ಬಿಗಿದ ಹಣೆ ಸಡಿಲಾದದ್ದನ್ನು ನಾನು ನನ್ನ ಕಣ್ಣಾರೆ ನೋಡಿದೆ. ಗಾಲಿಮಂಚ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಮಗಳು, ಅಳಿಯ ಔಷಧಿ ತರಲು ಕೆಳಗೆ ಹೋದರು. ನಾನು ಅತ್ತೆಯ ಪಕ್ಕ ಕೂತು, ತಡೆಯಲಾರದೆ ಕೇಳಿಯೇಬಿಟ್ಟೆ. ನೀವು ಕೇಳಲೇ ಇಲ್ಲವಲ್ಲ, ನಾನು ಬಾಗಿಲಲ್ಲೇ ಇದ್ದೆ, ಬದನೆಕಾಯಿಗೆ ಕೇಳುವವರು ಇದಕ್ಕೆ ಏಕೆ ಕೇಳಲಿಲ್ಲ?

"ಬದನಿಕಾಯಿ ಅವ ಬ್ಯಾಡಂದ್ರ ಬಿಡಬೌದು" ಎಂದರು ಅತ್ತೆ, ಮುಚ್ಚಿದ ಬಾಗಿಲನ್ನೇ ನೋಡುತ್ತ. "ಇವರನ್ನ ಬಿಡಾಕ ಆಕೈತೇನು? ಬಿಡಾಕ ಆಗಲಾರದ್ದನ್ನ ಕೇಳಬಾರದು ತಮ್ಮಾ. ಅವನ ಕೈಯಾಗ ಕೊಟ್ಟು ಸುಮ್ಮನ ಆಗಬೇಕು. ಕೊಟ್ಟ ಬಂದೇನಿ."

ಅಷ್ಟು ಹೇಳಿ ಗೋಡೆಗೆ ತಲೆಯಾನಿಸಿದರು. ಸ್ವಲ್ಪ ಹೊತ್ತಿನಲ್ಲಿ ನೋಡುತ್ತೇನೆ, ಅತ್ತೆಗೆ ಜೊಂಪು ಹತ್ತಿದೆ! ಅದೂ ಎಂಥ ಜೊಂಪು, ತೊಟ್ಟಿಲ ಕೂಸಿನದು. ಗಂಡನ ಎದೆಯನ್ನು ಒಳಗೆ ತೆರೆದಿದ್ದಾರೆ, ಹೆಂಡತಿ ಹೊರಗೆ ನೆಮ್ಮದಿಯಾಗಿ ಉಸಿರಾಡುತ್ತಿದ್ದಾರೆ, ಯಾವ ಆ್ಯಪೂ ಹೇಳಿಕೊಡದೆ.

ನಾನು ಮಾತ್ರ ಆ ಪಡಸಾಲೆಯಲ್ಲಿ ಈ ಕೊನೆಯಿಂದ ಆ ಕೊನೆಗೆ ತಿರುಗಿದೆ. ಒಂದು ತಾಸಾಯಿತು, ಎರಡಾಯಿತು, ಮೂರಾಯಿತು. ಗುಳಿಗೆ ಎರಡು ನುಂಗಿದೆ. ಬಾಗಿಲು ತೆರೆಯಲಿಲ್ಲ. ಅತ್ತೆಯ ಮುಡಿಯಿಂದ ಒಂದು ಅಬ್ಬಲಿಗೆ ಹೂವು ಬೆಂಚಿನ ಮೇಲೆ ಬಿದ್ದಿತ್ತು, ಅದನ್ನು ಎತ್ತಿಕೊಂಡೆ. ಎದುರಿನ ಗೋಡೆಯಲ್ಲಿ ಯಾವುದೋ ದೇವರ ಚೌಕಟ್ಟಿನ ಫೋಟೊ ಇತ್ತು. ಯಾವ ದೇವರೆಂದೂ ನೋಡಲಿಲ್ಲ. ಅತ್ತಿತ್ತ ಯಾರೂ ಇಲ್ಲದ್ದನ್ನು ಕಂಡು, ಹೂವನ್ನು ನೀರಿನ ಬಾಟಲಿಗೆ ಅದ್ದಿ, ಆ ಚೌಕಟ್ಟಿನ ಮೇಲಂಚಿನ ನಡುಮಧ್ಯಕ್ಕೆ ಇಟ್ಟು ಕೈಮುಗಿದು ನಿಂತೆ. ಯಾವ ಕಡೆಗೆ ಬೀಳುತ್ತದೆಂದು ನೋಡುತ್ತಿದ್ದ ನನ್ನ ಕಣ್ಣಿಗೆ ಏನೂ ಕಾಣಿಸದಾಯಿತು. ಅಳುತ್ತಿದ್ದೇನೆಂದು ತಡವಾಗಿ ತಿಳಿಯಿತು.

ಹಿಂದಿನಿಂದ ಅತ್ತೆಯ ದನಿ ಬಂತು. ಯಾವಾಗ ಎಚ್ಚರಾಗಿತ್ತೋ.

"ಯಾಕ ಕಾಡತಿ ಅವನ್ನ? ಅವ ಒಳಗ ಕೆಲಸದಾಗ ಅದಾನ. ಬಾ, ಇಲ್ಲೆ ಕುಂಡ್ರು."

ಹೋಗಿ ಪಕ್ಕದಲ್ಲಿ ಕೂತೆ. ಅತ್ತೆ ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದಿಟ್ಟುಕೊಂಡರು. ನನಗೆ ದೇವರಲ್ಲಿ ನಂಬಿಕೆ ಬಂತೋ ಇಲ್ಲವೋ ಹೇಳಲಾರೆ. ಆದರೆ ಅವನಿಗೆ ಮಾವನನ್ನು ಒಪ್ಪಿಸಿ ಕೂತ ಆ ಜೀವದ ಪಕ್ಕ ಕೂತು, ನನ್ನ ಉಸಿರೂ ಮೆಲ್ಲಗೆ ಹಾದಿಗೆ ಬಂತು. ಯಾವಾಗ ಕಣ್ಣು ಹತ್ತಿತೋ ಗೊತ್ತಿಲ್ಲ. ಅತ್ತೆ ಎಬ್ಬಿಸಿದಾಗ ಬಾಗಿಲು ತೆರೆದಿತ್ತು, ಡಾಕ್ಟರು ಮುಖದ ಬಟ್ಟೆ ಇಳಿಸಿ ನಗುತ್ತಿದ್ದರು. ಚೌಕಟ್ಟಿನ ಮೇಲಿನ ಹೂವು ಯಾವ ಕಡೆಗೆ ಬಿದ್ದಿತೆಂದು ನೋಡುವುದನ್ನು ನಾನು ಮರೆತೇಬಿಟ್ಟೆ.

ಮರುದಿನ ಮುಂಜಾನೆ ಮಾವ ಕಣ್ಣು ತೆರೆದು ಅತ್ತೆಯೊಡನೆ ಎರಡು ಮಾತಾಡಿದರು. ಆಮೇಲೆ ನಾನು, ಅತ್ತೆ ಬಟ್ಟೆಬರೆ ತರಲು ಬೆಟಗೇರಿಗೆ ಬಂದೆವು. ದೇವರ ಮನೆಯ ಬಾಗಿಲು ತೆರೆದರೆ, ಅಯ್ಯೋ! ಕೆಂಪಿರುವೆಗಳ ಸಾಲು ಜಗುಲಿ ಹತ್ತಿ, ಪಾದದ ಹೂವು ದಾಟಿ, ವೀರಭದ್ರನ ಭುಜದ ಮೇಲೆ ಸಂತೆ ನಡೆಸಿತ್ತು. ನಾನು ನೆಲ ನೋಡುತ್ತ ನಿಂತೆ. ಅತ್ತೆ ಬೆರಳಿನಿಂದ ಭುಜ ಮುಟ್ಟಿ, ಮೂಸಿ, ನನ್ನನ್ನು ಒಮ್ಮೆ ನೋಡಿದರು. ಬೈಯಲಿಲ್ಲ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ದುಡಿದು ಬಂದವರ ಮೈ ಒರೆಸುವಂತೆ ಆ ಭುಜ, ಈ ಭುಜ, ಬೆನ್ನು, ಕತ್ತಿ ಹಿಡಿದ ಕೈ ಎಲ್ಲವನ್ನೂ ನಿಧಾನವಾಗಿ ಒರೆಸಿದರು.

ಸ್ವಲ್ಪ ಹೊತ್ತಾದ ಮೇಲೆ ನಾನು ಚೀಲ ಹಿಡಿದು, ಕಾಯಿಪಲ್ಲೆ ಏನು ತರಲಿ ಎಂದು ಕೇಳಿದೆ. ಕೇಳಿ, ರೂಢಿಯಂತೆ ಜಗುಲಿಯ ಕಡೆ ನೋಡುತ್ತ ಕಾದೆ. ಅತ್ತೆ ಹೂವಿನ ಬುಟ್ಟಿಯನ್ನು ಮೇಲೆತ್ತಿಟ್ಟು, ದೇವರ ಮನೆಯ ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆ ಎಳೆದರು.

"ನಿನಗ ಏನು ಬೇಕೋ ಅದನ್ನ ತಗೊಂಡ ಬಾ" ಎಂದರು. "ಇವತ್ತು ಅವಗ ಸೂಟಿ."